ಸರ್ವರ್‌ಗೆ ತನ್ನ ಪೂರ್ಣ ಹೆಸರು ಗೊತ್ತೇ?



ದ್ವಿತೀಯ ಪಿಯುಸಿಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಪಾಠ ಓದುವಾಗ ಐಪಿ ವಿಳಾಸ, ಡೊಮೇನ್ ಹೆಸರು, ಡಿಎನ್‌ಎಸ್ ಎಂಬ ಮೂರು ಪದಗಳನ್ನು ನೀವು ಕಲಿಯುತ್ತೀರಿ. ಹೆಸರನ್ನು ಕೊಟ್ಟರೆ ಡಿಎನ್‌ಎಸ್ ಐಪಿ ವಿಳಾಸ ಕೊಡುತ್ತದೆ ಎಂದು ಬರೆದರೆ ಎರಡು ಅಂಕ ಸಿಗುತ್ತದೆ. ಈ ಲೇಖನದಲ್ಲಿ ಅದೇ ಪಾಠವನ್ನು ತಲೆಕೆಳಗು ಮಾಡಿ ನೋಡೋಣ. ಒಂದು ಪ್ರೋಗ್ರಾಂ ಯಾವುದೋ ಸರ್ವರ್‌ನಲ್ಲಿ ಓಡುತ್ತಿದೆ. ಅದಕ್ಕೆ ತಾನು ಓಡುತ್ತಿರುವ ಯಂತ್ರದ ಪೂರ್ಣ ಹೆಸರು ಬೇಕಾಗಿದೆ. ಅದು ಯಾರನ್ನು ಕೇಳಬೇಕು? ಸಿಕ್ಕ ಉತ್ತರವನ್ನು ಎಷ್ಟು ನಂಬಬಹುದು?

ಮೊದಲೇ ಒಂದು ಮಾತು. ಪತ್ರಿಕೆಯ ಜೋಡಣೆ ಕನ್ನಡದಲ್ಲಿರುವುದರಿಂದ ಪೈಥಾನ್ ಆಜ್ಞೆಗಳನ್ನೂ ಕಡತಗಳ ಹೆಸರನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಲ್ಯಾಬ್‌ನಲ್ಲಿ ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

ಹೆಸರು ಮತ್ತು ಪೂರ್ಣ ಹೆಸರು

ತರಗತಿಯಲ್ಲಿ ಮೂವರು ಫಾತಿಮಾ ಇದ್ದಾರೆ ಎಂದುಕೊಳ್ಳಿ. ಹಾಜರಿ ಕರೆಯುವಾಗ ಬರೀ "ಫಾತಿಮಾ" ಎಂದರೆ ಮೂವರೂ ತಲೆ ಎತ್ತುತ್ತಾರೆ. ಮನೆಯೊಳಗೆ ಆ ಹೆಸರು ಸಾಕು, ತರಗತಿಯಲ್ಲಿ ಇನಿಶಿಯಲ್ ಬೇಕು, ಅಂಚೆಯವನಿಗೆ ಮನೆ, ಬೀದಿ, ಊರು, ತಾಲೂಕು, ಜಿಲ್ಲೆ ಎಲ್ಲವೂ ಬೇಕು. ಕಂಪ್ಯೂಟರಿನ ಹೆಸರೂ ಹೀಗೆಯೇ. ಒಂದು ಸರ್ವರ್‌ಗೆ "ಫಲಿತಾಂಶ" ಎಂದು ಹೆಸರಿಟ್ಟರೆ ಅದು ಹೋಸ್ಟ್‌ನೇಮ್. ಇದೇ ಹೆಸರಿನ ಯಂತ್ರ ನಾಡಿನ ಇನ್ನೂ ನೂರು ಕಾಲೇಜುಗಳಲ್ಲಿ ಇರಬಹುದು. "ಫಲಿತಾಂಶ.ಎಕ್ಸಾಂಪಲ್.ಕಾಮ್" ಎಂದಾಗ ಮಾತ್ರ ಜಗತ್ತಿನಲ್ಲಿ ಅದೊಂದೇ ಆಗುತ್ತದೆ. ಇದಕ್ಕೆ ಫುಲ್ಲಿ ಕ್ವಾಲಿಫೈಡ್ ಡೊಮೇನ್ ನೇಮ್ ಎನ್ನುತ್ತಾರೆ. ಬಾಯಲ್ಲಿ ಹೇಳುವಾಗ ಎಫ್‌ಕ್ಯೂಡಿಎನ್. ನಾವಿಲ್ಲಿ ಪೂರ್ಣ ಹೆಸರು ಎನ್ನೋಣ. ಎಕ್ಸಾಂಪಲ್.ಕಾಮ್ ಎಂಬುದನ್ನು ಪಾಠ, ಪುಸ್ತಕಗಳ ಉದಾಹರಣೆಗಾಗಿಯೇ 1999ರಲ್ಲಿ ಮೀಸಲಿಡಲಾಗಿದೆ. ಹಾಗಾಗಿ ಯಾರ ಮನೆಯ ಹೆಸರನ್ನೂ ಎಳೆದು ತರದೆ ಅದನ್ನು ಬಳಸಬಹುದು.

ಅಂಚೆ ವಿಳಾಸದಂತೆ ಇದೂ ಎಡದಿಂದ ಬಲಕ್ಕೆ ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತದೆ. ಬಲತುದಿಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಚುಕ್ಕೆ ಇದೆ. ಅದು ಡಿಎನ್‌ಎಸ್ ಮರದ ಬೇರು. ಆ ಚುಕ್ಕೆಯನ್ನು ಬರೆದರೆ ಹೆಸರು ಅಲ್ಲಿಗೆ ಮುಗಿಯಿತು, ಇದಕ್ಕೆ ಏನನ್ನೂ ಸೇರಿಸಬೇಡ ಎಂದು ಹೇಳಿದ ಹಾಗೆ. ಚುಕ್ಕೆಗಳ ನಡುವಿನ ಪ್ರತಿ ತುಂಡೂ ಗರಿಷ್ಠ 63 ಅಕ್ಷರ, ಇಡೀ ಹೆಸರು ಡಿಎನ್‌ಎಸ್ ಲೆಕ್ಕದಲ್ಲಿ 255 ಬೈಟ್ ಮೀರುವಂತಿಲ್ಲ. ಕನ್ನಡದಲ್ಲಿ ".ಭಾರತ" ಎಂಬ ಡೊಮೇನ್ ಇದೆ. ಆದರೆ ಡಿಎನ್‌ಎಸ್ ಒಳಗೆ ಅದು ಇಂಗ್ಲಿಷ್ ಅಕ್ಷರ, ಅಂಕಿಗಳ ಒಂದು ಸಂಕೇತರೂಪದಲ್ಲಿ ಓಡಾಡುತ್ತದೆ, ಬ್ರೌಸರ್ ಅದನ್ನು ನಮಗೆ ಕನ್ನಡದಲ್ಲಿ ತೋರಿಸುತ್ತದೆ.

ಒಂದು ಕಾಲದಲ್ಲಿ ಇದೆಲ್ಲ ಬೇಕಿರಲಿಲ್ಲ. ಇಂಟರ್ನೆಟ್‌ಗೂ ಮೊದಲಿನ ಅರ್ಪಾನೆಟ್‌ನಲ್ಲಿ ಯಂತ್ರಗಳು ಕಡಿಮೆ. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಎಲ್ಲ ಯಂತ್ರಗಳ ಹೆಸರು, ವಿಳಾಸಗಳನ್ನು ಹೋಸ್ಟ್ಸ್ ಎಂಬ ಒಂದೇ ಕಡತದಲ್ಲಿ ಬರೆದಿಡುತ್ತಿತ್ತು, ಉಳಿದವರು ಅದರ ಪ್ರತಿಯನ್ನು ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಾಗ ಕಡತ ಕೈಮೀರಿತು. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಡಿಎನ್‌ಎಸ್‌ನ ಮೊದಲ ರೂಪವನ್ನು ಕೊಟ್ಟರು, 1987ರಲ್ಲಿ ಅದು ಇಂದಿಗೂ ಬಳಕೆಯಲ್ಲಿರುವ ರೂಪಕ್ಕೆ ಬಂತು. ಆದರೆ ಆ ಹಳೆಯ ಹೋಸ್ಟ್ಸ್ ಕಡತ ಸಾಯಲಿಲ್ಲ. ಇವತ್ತಿಗೂ ಪ್ರತಿ ಲಿನಕ್ಸ್ ಯಂತ್ರದ ಇಟಿಸಿ ಫೋಲ್ಡರ್‌ನಲ್ಲಿ ಹೋಸ್ಟ್ಸ್ ಹೆಸರಿನ ಒಂದು ಪುಟ್ಟ ಕಡತ ಕುಳಿತಿದೆ. ನಮ್ಮ ಇಂದಿನ ತಲೆನೋವಿನ ಅರ್ಧ ಭಾಗ ಅದರದ್ದೇ.

ಯಂತ್ರಕ್ಕೆ ನಿಜವಾಗಿ ಏನು ಗೊತ್ತು?

ಪೈಥಾನ್ ತೆರೆದು ಈ ಮೂರು ಸಾಲು ಬರೆಯಿರಿ:

ಇಂಪೋರ್ಟ್ ಸಾಕೆಟ್
ಪ್ರಿಂಟ್(ಸಾಕೆಟ್.ಗೆಟ್‌ಹೋಸ್ಟ್‌ನೇಮ್())
ಪ್ರಿಂಟ್(ಸಾಕೆಟ್.ಗೆಟ್‌ಎಫ್‌ಕ್ಯೂಡಿಎನ್())

ಎರಡನೇ ಸಾಲು ಸರಳ. ಯಂತ್ರಕ್ಕೆ ಹೆಸರಿಟ್ಟವರು ಏನು ಬರೆದಿದ್ದಾರೋ ಅದನ್ನು ಆಪರೇಟಿಂಗ್ ಸಿಸ್ಟಮ್ ಹಾಗೆಯೇ ಒಪ್ಪಿಸುತ್ತದೆ. ಲಿನಕ್ಸ್ ಕರ್ನಲ್‌ಗೆ ಇದು ಗರಿಷ್ಠ 64 ಅಕ್ಷರಗಳ ಒಂದು ಪದಸರಣಿ, ಅಷ್ಟೆ. ಅದರಲ್ಲಿ ಚುಕ್ಕೆ ಇದೆಯೋ ಇಲ್ಲವೋ, ಆ ಹೆಸರು ಡಿಎನ್‌ಎಸ್‌ನಲ್ಲಿ ದಾಖಲಾಗಿದೆಯೋ ಇಲ್ಲವೋ ಎಂಬುದು ಕರ್ನಲ್‌ನ ಚಿಂತೆಯಲ್ಲ. ನೀವು ಯಂತ್ರಕ್ಕೆ "ಹಿಮಾಲಯ" ಎಂದು ಹೆಸರಿಟ್ಟರೆ ಅದು ಹಿಮಾಲಯ.

ಮೂರನೇ ಸಾಲಿನಲ್ಲೇ ಸ್ವಾರಸ್ಯ ಇರುವುದು. ಪೂರ್ಣ ಹೆಸರು ಎಂಬುದು ಲಿನಕ್ಸ್‌ನಲ್ಲಿ ಎಲ್ಲೂ ಪ್ರತ್ಯೇಕವಾಗಿ ಬರೆದಿಟ್ಟ ವಸ್ತುವಲ್ಲ. ಪ್ರತಿ ಸಲ ಅದನ್ನು ಹುಡುಕಿ ತರಬೇಕು. ಪೈಥಾನ್ ಹುಡುಕುವ ಕ್ರಮ ಹೀಗಿದೆ: ಮೊದಲು ಸಣ್ಣ ಹೆಸರನ್ನು ತೆಗೆದುಕೊಳ್ಳುತ್ತದೆ. ಆ ಹೆಸರಿನ ಐಪಿ ವಿಳಾಸ ಯಾವುದು ಎಂದು ಕೇಳುತ್ತದೆ. ಸಿಕ್ಕ ವಿಳಾಸಕ್ಕೆ ಯಾವ ಯಾವ ಹೆಸರುಗಳಿವೆ ಎಂದು ಮತ್ತೆ ಕೇಳುತ್ತದೆ. ಉತ್ತರವಾಗಿ ಬಂದ ಪಟ್ಟಿಯಲ್ಲಿ ಮುಖ್ಯ ಹೆಸರಿನಿಂದ ಆರಂಭಿಸಿ ಒಂದೊಂದನ್ನೇ ನೋಡುತ್ತ, ಚುಕ್ಕೆ ಇರುವ ಮೊದಲ ಹೆಸರನ್ನು ಹಿಂದಿರುಗಿಸುತ್ತದೆ. ಚುಕ್ಕೆ ಇರುವ ಹೆಸರೇ ಇಲ್ಲದಿದ್ದರೆ ಸಣ್ಣ ಹೆಸರಿನಲ್ಲೇ ತೃಪ್ತಿ. ಯಾವ ಎರರ್ ಸಂದೇಶವೂ ಬರುವುದಿಲ್ಲ.

ಈ ಕ್ರಮವನ್ನು ಇನ್ನೊಮ್ಮೆ ಓದಿ. "ಪೂರ್ಣ" ಎಂಬುದಕ್ಕೆ ಪೈಥಾನ್ ಇಟ್ಟುಕೊಂಡಿರುವ ಪರೀಕ್ಷೆ ಒಂದೇ, ಹೆಸರಿನಲ್ಲಿ ಒಂದು ಚುಕ್ಕೆ ಇರಬೇಕು. ಆ ಹೆಸರು ಹೊರಗಿನವರಿಗೆ ತಿಳಿದಿದೆಯೇ ಎಂದು ಅದು ನೋಡುವುದೇ ಇಲ್ಲ.

ಒಂದು ಸಾಲು ಬದಲಾದರೆ ಉತ್ತರವೂ ಬದಲು

ಹೆಸರು ಕೇಳಿದಾಗ ಲಿನಕ್ಸ್ ಸಾಮಾನ್ಯವಾಗಿ ಮೊದಲು ತಿರುಗಿ ನೋಡುವುದು ಡಿಎನ್‌ಎಸ್ ಕಡೆಗಲ್ಲ, ಆ ಹಳೆಯ ಹೋಸ್ಟ್ಸ್ ಕಡತದ ಕಡೆಗೆ. ಯಾವುದನ್ನು ಮೊದಲು ನೋಡಬೇಕು ಎಂಬ ಅನುಕ್ರಮ ಎನ್‌ಎಸ್‌ಸ್ವಿಚ್.ಕಾನ್ಫ್ ಎಂಬ ಕಡತದಲ್ಲಿದೆ. ಡೆಬಿಯನ್, ಉಬುಂಟು ಯಂತ್ರಗಳ ಹೋಸ್ಟ್ಸ್ ಕಡತ ತೆರೆದರೆ 127.0.1.1 ಎಂಬ ವಿಳಾಸದ ಒಂದು ಸಾಲು ಸಾಮಾನ್ಯವಾಗಿ ಕಾಣುತ್ತದೆ. ಅದು ಹೀಗಿದ್ದರೆ ಸರಿ:

127.0.1.1 ಫಲಿತಾಂಶ.ಎಕ್ಸಾಂಪಲ್.ಕಾಮ್ ಫಲಿತಾಂಶ

ಮೊದಲು ವಿಳಾಸ, ನಂತರ ಪೂರ್ಣ ಹೆಸರು, ಕೊನೆಗೆ ಅಡ್ಡಹೆಸರು. ಮೊದಲು ಬಂದ ಹೆಸರನ್ನು ಕೆನಾನಿಕಲ್, ಅಂದರೆ ಅಧಿಕೃತ ಹೆಸರು ಎಂದು ಸಿಸ್ಟಮ್ ತಿಳಿಯುತ್ತದೆ. ಈಗ ಯಾರೋ ಅವಸರದಲ್ಲಿ ಎರಡು ಹೆಸರುಗಳನ್ನು ಅದಲುಬದಲು ಮಾಡಿ ಬರೆದರು ಎನ್ನಿ. ಆಗ ಲಿನಕ್ಸ್‌ನ ಟರ್ಮಿನಲ್‌ನಲ್ಲಿ "ಹೋಸ್ಟ್‌ನೇಮ್ -ಎಫ್" ಎಂದು ಕೇಳಿದರೆ "ಫಲಿತಾಂಶ" ಎಂದಷ್ಟೇ ಬರುತ್ತದೆ, ಏಕೆಂದರೆ ಆ ಆಜ್ಞೆ ಅಧಿಕೃತ ಹೆಸರನ್ನು ಮಾತ್ರ ನೋಡುತ್ತದೆ. ಪೈಥಾನ್‌ನ ಗೆಟ್‌ಎಫ್‌ಕ್ಯೂಡಿಎನ್ ಅಡ್ಡಹೆಸರುಗಳನ್ನೂ ಜಾಲಾಡುವುದರಿಂದ ಚುಕ್ಕೆ ಇರುವುದನ್ನು ಹೆಕ್ಕಿ ಪೂರ್ಣ ಹೆಸರನ್ನೇ ಕೊಡುತ್ತದೆ. ಯಂತ್ರ ಒಂದೇ, ಕಡತ ಒಂದೇ, ಕ್ಷಣವೂ ಒಂದೇ. ಉತ್ತರ ಎರಡು!

ಇನ್ನೊಂದು ಸಂದರ್ಭ ಇದಕ್ಕಿಂತ ಕೆಟ್ಟದ್ದು. 127.0.0.1ರ ಸಾಲಿನಲ್ಲಿ "ಲೋಕಲ್‌ಹೋಸ್ಟ್ ಲೋಕಲ್‌ಹೋಸ್ಟ್.ಲೋಕಲ್‌ಡೊಮೇನ್" ಎಂದು ಇರುವುದು ರೆಡ್ ಹ್ಯಾಟ್ ಕುಟುಂಬದ ಲಿನಕ್ಸ್‌ಗಳಲ್ಲಿ ರೂಢಿ. ಅದೇ ಸಾಲಿನ ಕೊನೆಗೆ ಯಾರಾದರೂ "ಫಲಿತಾಂಶ" ಎಂದು ಸೇರಿಸಿದರೆ ಪೈಥಾನ್ ಏನು ಹೇಳುತ್ತದೆ? ಪಟ್ಟಿಯಲ್ಲಿ ಮೊದಲು ಲೋಕಲ್‌ಹೋಸ್ಟ್, ಅದರಲ್ಲಿ ಚುಕ್ಕೆ ಇಲ್ಲ. ಮುಂದಿನದು ಲೋಕಲ್‌ಹೋಸ್ಟ್.ಲೋಕಲ್‌ಡೊಮೇನ್, ಅದರಲ್ಲಿ ಚುಕ್ಕೆ ಇದೆ. ಅದೇ ಉತ್ತರ! ನೂರು ಸರ್ವರ್‌ಗಳಲ್ಲಿ ಹೀಗೆ ಮಾಡಿದರೆ ನೂರೂ ಒಂದೇ ಹೆಸರು ಹೇಳುತ್ತವೆ. ಹಾಜರಿ ಕರೆದಾಗ ಇಡೀ ತರಗತಿ "ನಾನೇ ಫಾತಿಮಾ" ಎಂದ ಹಾಗೆ.

ಉಳಿದ ಭಾಷೆಗಳಲ್ಲೂ ಕಥೆ ಹೆಚ್ಚುಕಡಿಮೆ ಇದೇ. ಜಾವಾದಲ್ಲಿ ಇನೆಟ್‌ಅಡ್ರೆಸ್ ಎಂಬ ಕ್ಲಾಸ್‌ನ ಗೆಟ್‌ಲೋಕಲ್‌ಹೋಸ್ಟ್, ನಂತರ ಗೆಟ್‌ಕೆನಾನಿಕಲ್‌ಹೋಸ್ಟ್‌ನೇಮ್ ಕರೆಯಬೇಕು. ಹೆಸರು ಸಿಗದಿದ್ದರೆ ಅದು ಐಪಿ ವಿಳಾಸವನ್ನೇ ಅಕ್ಷರರೂಪದಲ್ಲಿ ಕೊಟ್ಟು ಸುಮ್ಮನಾಗುತ್ತದೆ. ಅದರಲ್ಲೂ ಚುಕ್ಕೆಗಳಿರುತ್ತವೆ, ಮೋಸ ಹೋಗಬೇಡಿ. ಸಿ ಭಾಷೆಯಲ್ಲಿ ಗೆಟ್‌ಅಡ್ರ್‌ಇನ್ಫೋ ಎಂಬ ಫಂಕ್ಷನ್‌ಗೆ ಅಧಿಕೃತ ಹೆಸರು ಬೇಕು ಎಂಬ ಸೂಚನೆ ಕೊಟ್ಟು ಕೇಳಬೇಕು.

ವಿಂಡೋಸ್ ಮಾತ್ರ ಸ್ವಲ್ಪ ಬೇರೆ. ಅಲ್ಲಿ ಯಂತ್ರದ ಹೆಸರಿನ ಜೊತೆಗೆ ಡೊಮೇನ್ ಭಾಗವನ್ನೂ ಯಂತ್ರದಲ್ಲೇ ಬರೆದಿಡುವ ವ್ಯವಸ್ಥೆ ಇದೆ. ಹಾಗಾಗಿ ನೆಟ್‌ವರ್ಕ್ ಕೇಬಲ್ ಕಿತ್ತಿಟ್ಟರೂ ಅದು ಪೂರ್ಣ ಹೆಸರು ಹೇಳಬಲ್ಲದು. ಆದರೆ ಯಾವ ಡೊಮೇನ್‌ಗೂ ಸೇರಿಸದ ಲ್ಯಾಬ್ ಯಂತ್ರದಲ್ಲಿ ಆ ಭಾಗ ಖಾಲಿ. ಜೊತೆಗೆ ಕಂಪ್ಯೂಟರ್‌ನೇಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಸಿಗುವುದು ಹಳೆಯ ನೆಟ್‌ಬಯೋಸ್ ಹೆಸರು, ಅದಕ್ಕೆ 15 ಅಕ್ಷರಗಳ ಮಿತಿ. ಉದ್ದ ಹೆಸರಿನ ಬಾಲ ಅಲ್ಲಿ ಕತ್ತರಿಸಿ ಹೋಗಿರುತ್ತದೆ.

ಕೇಳಿದ ಮೇಲೆ ಕಾಯಬೇಕು

ಹೋಸ್ಟ್ಸ್ ಕಡತದಲ್ಲಿ ಉತ್ತರ ಸಿಗದಿದ್ದರೆ ಪ್ರಶ್ನೆ ನೆಟ್‌ವರ್ಕ್ ಮೇಲೆ ಡಿಎನ್‌ಎಸ್ ಸರ್ವರ್‌ಗೆ ಹೋಗುತ್ತದೆ. ಆ ಸರ್ವರ್ ಮೌನವಾಗಿದ್ದರೆ ಲಿನಕ್ಸ್ ಸಾಮಾನ್ಯವಾಗಿ 5 ಸೆಕೆಂಡ್ ಕಾದು ಮತ್ತೊಮ್ಮೆ ಕೇಳುತ್ತದೆ. ಪ್ರೋಗ್ರಾಂ ಅಷ್ಟು ಹೊತ್ತು ಕದಲದೆ ನಿಂತಿರುತ್ತದೆ. ಪೈಥಾನ್ ಜೊತೆಗೇ ಬರುವ ಪುಟ್ಟ ವೆಬ್ ಸರ್ವರ್ ಕೂಡ ಆರಂಭವಾಗುವಾಗ ಗೆಟ್‌ಎಫ್‌ಕ್ಯೂಡಿಎನ್ ಕರೆಯುತ್ತದೆ. ನೆಟ್ ಸರಿಯಿಲ್ಲದ ದಿನ ಅದು ಏಳಲು ತಡಮಾಡಿದರೆ ಯಂತ್ರ ಹಳೆಯದೆಂದು ಬೈಯುವ ಮೊದಲು ಇದನ್ನು ನೆನಪಿಸಿಕೊಳ್ಳಿ. ಜಾಂಗೋ ಎಂಬ ಹೆಸರಾಂತ ವೆಬ್ ಫ್ರೇಮ್‌ವರ್ಕ್ ಬರೆದವರು ಈ ವಿಳಂಬವನ್ನು ಕಂಡೇ, ಮಿಂಚಂಚೆ ಕಳಿಸುವ ಭಾಗದಲ್ಲಿ ಹೆಸರನ್ನು ಒಮ್ಮೆ ಮಾತ್ರ, ಅದೂ ನಿಜವಾಗಿ ಬೇಕಾದಾಗ ಮಾತ್ರ, ಕೇಳಿ ನೆನಪಿಟ್ಟುಕೊಳ್ಳುವ ಏರ್ಪಾಡು ಮಾಡಿದ್ದಾರೆ. ನಿಮ್ಮ ಪ್ರೋಗ್ರಾಂನಲ್ಲೂ ಇದನ್ನು ಲೂಪ್‌ನ ಒಳಗೆ ಕರೆಯಬೇಡಿ.

ಹೆಸರು ತಪ್ಪಿದರೆ ಯಾರಿಗೆ ನಷ್ಟ?

ಇಷ್ಟು ಓದಿದ ಮೇಲೆ, ಹೆಸರು ತಪ್ಪಾದರೆ ಏನಾಯಿತು ಎಂದು ಕೇಳಬಹುದು. ಎರಡು ಕಡೆ ನಿಜವಾದ ಪೆಟ್ಟು ಬೀಳುತ್ತದೆ. ಒಂದು ಮಿಂಚಂಚೆ, ಇನ್ನೊಂದು ಲಿಂಕ್.

ಯಾವುದೋ ಕಾಲೇಜಿನ ಸರ್ವರ್ ವಿದ್ಯಾರ್ಥಿಗಳ ಮನೆಯವರಿಗೆ ಪರೀಕ್ಷಾ ವೇಳಾಪಟ್ಟಿಯನ್ನು ಮಿಂಚಂಚೆಯಲ್ಲಿ ಕಳಿಸುತ್ತದೆ ಎಂದುಕೊಳ್ಳಿ. ಒಂದು ಮೇಲ್ ಸರ್ವರ್ ಇನ್ನೊಂದರ ಬಾಗಿಲು ತಟ್ಟಿದಾಗ ಮೊದಲು ತನ್ನ ಹೆಸರು ಹೇಳಬೇಕು. ಆ ಮಾತಿಗೆ ಇಹೆಲೋ ಎಂದು ಹೆಸರು. ಎಸ್‌ಎಂಟಿಪಿ ನಿಯಮದ ಪ್ರಕಾರ ಅಲ್ಲಿ ಹೇಳಬೇಕಾದ್ದು ಪೂರ್ಣ ಹೆಸರು. ಅದು ಇಲ್ಲದಿದ್ದರೆ ಚೌಕ ಆವರಣದಲ್ಲಿ ಐಪಿ ವಿಳಾಸ. ಪೈಥಾನ್‌ನ ಎಸ್‌ಎಂಟಿಪಿಲಿಬ್ ನೀವು ಹೆಸರು ಕೊಡದಿದ್ದರೆ ಗೆಟ್‌ಎಫ್‌ಕ್ಯೂಡಿಎನ್ ಅನ್ನೇ ಕೇಳುತ್ತದೆ. ಚುಕ್ಕೆ ಇಲ್ಲದ ಹೆಸರು ಬಂದರೆ ಸಣ್ಣ ಹೆಸರಿನ ಐಪಿ ವಿಳಾಸ ಹಾಕುತ್ತದೆ. ಉಬುಂಟುವಿನಲ್ಲಿ ಅದು ಹಲವು ಬಾರಿ [127.0.1.1] ಆಗಿರುತ್ತದೆ. ಅಂದರೆ ಬಾಗಿಲ ಹೊರಗೆ ನಿಂತು "ಯಾರು?" ಎಂದಾಗ "ನಾನು" ಎಂದಷ್ಟೇ ಹೇಳಿದ ಹಾಗೆ. ಬಾಗಿಲು ತೆರೆಯುವವರು ಅನುಮಾನಿಸದೆ ಇರುತ್ತಾರೆಯೇ?

ಹೆಸರು ಸರಿಯಾಗಿ ಹೇಳಿದರೂ ಕೆಲಸ ಮುಗಿಯಲಿಲ್ಲ. ಆಚೆ ಬದಿಯ ಸರ್ವರ್ ನಿಮ್ಮ ಐಪಿ ವಿಳಾಸವನ್ನು ಹಿಡಿದು, ಈ ವಿಳಾಸ ಯಾರದ್ದು ಎಂದು ಡಿಎನ್‌ಎಸ್‌ನಲ್ಲಿ ಹಿಮ್ಮುಖವಾಗಿ ಹುಡುಕುತ್ತದೆ. ವಿಳಾಸ 192.0.2.10 ಆಗಿದ್ದರೆ ಅದನ್ನು ತಿರುಗಿಸಿ 10.2.0.192 ಎಂದು ಮಾಡಿ, ಕೊನೆಗೆ ಇನ್-ಅಡ್ರ್.ಅರ್ಪಾ ಎಂದು ಸೇರಿಸಿ ಕೇಳುತ್ತಾರೆ. ಸಿಗುವ ದಾಖಲೆಗೆ ಪಿಟಿಆರ್ ಎಂದು ಹೆಸರು. ಆ ಹೆಸರು ಮತ್ತೆ ಅದೇ ವಿಳಾಸಕ್ಕೆ ಕರೆದುಕೊಂಡು ಬಂದರೆ ಮಾತು ನಂಬಬಹುದು. 2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ಮಿಂಚಂಚೆ ಕಳಿಸುವ ಎಲ್ಲರಿಗೂ ಈ ಎರಡೂ ಕಡೆಯ ದಾಖಲೆಗಳು ಸರಿಯಿರಬೇಕು ಎಂದು ಗೂಗಲ್ ನಿಯಮ ಮಾಡಿದೆ.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಜನ ಗಮನಿಸುವುದಿಲ್ಲ. ಡೊಮೇನ್ ಹೆಸರನ್ನು ದುಡ್ಡು ಕೊಟ್ಟು ಪಡೆದವರು ನೀವು, ಆದ್ದರಿಂದ ಹೆಸರಿನಿಂದ ವಿಳಾಸಕ್ಕೆ ಹೋಗುವ ದಾಖಲೆ ನಿಮ್ಮ ಕೈಯಲ್ಲಿದೆ. ಆದರೆ ಐಪಿ ವಿಳಾಸ ಸಾಮಾನ್ಯವಾಗಿ ಇಂಟರ್ನೆಟ್ ಕಂಪನಿಯದ್ದು ಅಥವಾ ಕ್ಲೌಡ್ ಕಂಪನಿಯದ್ದು. ವಿಳಾಸದಿಂದ ಹೆಸರಿಗೆ ಹೋಗುವ ಪಿಟಿಆರ್ ದಾಖಲೆ ಅವರ ಕೈಯಲ್ಲಿದೆ. ಅವರಿಗೆ ಬರೆದು ಮಾಡಿಸಿಕೊಳ್ಳಬೇಕು. ನಿಮ್ಮ ಕೋಡ್ ಎಷ್ಟೇ ಚೆನ್ನಾಗಿದ್ದರೂ ಈ ಒಂದು ಅರ್ಜಿ ಬರೆಯದಿದ್ದರೆ ವೇಳಾಪಟ್ಟಿ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಬಹುದು, ವಾಪಸೂ ಬರಬಹುದು. ಮನೆಯವರು ಪರೀಕ್ಷೆಯ ದಿನಾಂಕಕ್ಕಾಗಿ ಕಾಯುತ್ತಲೇ ಇರುತ್ತಾರೆ.

ಕೇಳಿದವನ ಬಾಯಿಂದಲೇ ಹೆಸರು

ಎರಡನೆಯ ಪೆಟ್ಟು ಇನ್ನೂ ಗಂಭೀರ. ವೆಬ್ ಅಪ್ಲಿಕೇಶನ್ ಬರೆಯುವವರು ಗೆಟ್‌ಎಫ್‌ಕ್ಯೂಡಿಎನ್ ಗೊಡವೆಯೇ ಬೇಡವೆಂದು ಸುಲಭದ ದಾರಿ ಹಿಡಿಯುವುದುಂಟು. ಬ್ರೌಸರ್ ಪುಟ ಕೇಳುವಾಗ ತಾನು ಯಾವ ಹೆಸರಿನ ಸೈಟನ್ನು ಕೇಳುತ್ತಿದ್ದೇನೆ ಎಂದು ಹೋಸ್ಟ್ ಎಂಬ ಹೆಡರ್‌ನಲ್ಲಿ ಬರೆದು ಕಳಿಸುತ್ತದೆ. ಎಚ್‌ಟಿಟಿಪಿ 1.1ರಲ್ಲಿ ಅದು ಕಡ್ಡಾಯ, ಏಕೆಂದರೆ ಒಂದೇ ಐಪಿ ವಿಳಾಸದಲ್ಲಿ ಹಲವು ಸೈಟ್‌ಗಳಿರಬಹುದು. ಹೆಸರು ಅಲ್ಲೇ ಸಿದ್ಧವಾಗಿದೆಯಲ್ಲ, ಅದನ್ನೇ ತೆಗೆದುಕೊಂಡರಾಯಿತು ಎಂದು ಅನ್ನಿಸುತ್ತದೆ. ಆದರೆ ಆ ಹೆಸರು ಸರ್ವರ್‌ನದಲ್ಲ, ಎದುರಿಗಿರುವ ಅಪರಿಚಿತ ಹೇಳಿದ್ದು. ಅವನು ಏನನ್ನು ಬೇಕಾದರೂ ಬರೆಯಬಹುದು.

ಇದರಿಂದ ಏನಾಗಬಹುದು ಎಂದು ಭದ್ರತಾ ಸಂಶೋಧಕ ಜೇಮ್ಸ್ ಕೆಟಲ್ 2013ರಲ್ಲಿ ವಿವರಿಸಿದರು. ನಮ್ಮ ಕಾಲ್ಪನಿಕ ಕಾಲೇಜಿಗೇ ಅದನ್ನು ಹೊಂದಿಸಿ ನೋಡೋಣ. ಫಲಿತಾಂಶ ಸೈಟ್‌ನಲ್ಲಿ "ಪಾಸ್‌ವರ್ಡ್ ಮರೆತಿದ್ದೇನೆ" ಎಂಬ ಗುಂಡಿ ಇದೆ. ಒತ್ತಿದರೆ ಒಂದು ಗುಪ್ತ ಸಂಖ್ಯೆ ಇರುವ ಲಿಂಕ್ ವಿದ್ಯಾರ್ಥಿಯ ಮಿಂಚಂಚೆಗೆ ಹೋಗುತ್ತದೆ. ಕೇಡಿಗ ನಿಮ್ಮ ಖಾತೆಯ ಹೆಸರು ಬರೆದು ಆ ಗುಂಡಿಯನ್ನು ಒತ್ತುತ್ತಾನೆ, ಜೊತೆಗೆ ಹೋಸ್ಟ್ ಹೆಡರ್‌ನಲ್ಲಿ ತನ್ನ ಸೈಟಿನ ಹೆಸರನ್ನು ತುರುಕುತ್ತಾನೆ. ಹೆಡರ್ ನಂಬುವ ಸರ್ವರ್ ಲಿಂಕ್‌ನ ಮೊದಲ ಭಾಗಕ್ಕೆ ಆ ಹೆಸರನ್ನೇ ಅಂಟಿಸಿ ನಿಮಗೆ ಕಳಿಸುತ್ತದೆ. ಮಿಂಚಂಚೆ ನಿಜವಾಗಿಯೂ ಕಾಲೇಜಿನಿಂದಲೇ ಬಂದಿದೆ, ಕಳಿಸಿದವರ ವಿಳಾಸವೂ ಸರಿ, ಭಾಷೆಯೂ ಸರಿ. ನೀವು ಲಿಂಕ್ ಒತ್ತುತ್ತೀರಿ. ಗುಪ್ತ ಸಂಖ್ಯೆ ಸೀದಾ ಕೇಡಿಗನ ಸೈಟ್‌ಗೆ ತಲುಪುತ್ತದೆ. ಇಲ್ಲಿ ವಿದ್ಯಾರ್ಥಿಯದು ಏನೂ ತಪ್ಪಿಲ್ಲ. ಅಪರಿಚಿತ ಲಿಂಕ್ ಒತ್ತಬೇಡಿ ಎಂದು ನಾವು ವರ್ಷವಿಡೀ ಹೇಳುವ ಬುದ್ಧಿಮಾತೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಲಿಂಕ್ ಪರಿಚಿತರಿಂದಲೇ ಬಂದಿದೆಯಲ್ಲ! ತಪ್ಪು ಪೂರ್ತಿಯಾಗಿ ಕೋಡ್ ಬರೆದವನದು.

ಅದೇ 2013ರಲ್ಲಿ ಬಂದ ಜಾಂಗೋ 1.5ರಲ್ಲಿ ಅಲೌಡ್_ಹೋಸ್ಟ್ಸ್ ಎಂಬ ಸೆಟ್ಟಿಂಗ್ ಸೇರಿತು. ಈ ಸೈಟ್‌ಗೆ ಯಾವ ಯಾವ ಹೆಸರುಗಳು ಸಲ್ಲುತ್ತವೆ ಎಂದು ಅಲ್ಲಿ ಪಟ್ಟಿ ಮಾಡಬೇಕು, ಪಟ್ಟಿಯಲ್ಲಿಲ್ಲದ ಹೆಸರಿನಲ್ಲಿ ಬಂದ ಕೋರಿಕೆಯನ್ನು ಅದು ತಿರಸ್ಕರಿಸುತ್ತದೆ. ಪಿಎಚ್‌ಪಿ ಕಲಿಯುತ್ತಿರುವವರು ಸರ್ವರ್_ನೇಮ್ ಎಂಬ ಮೌಲ್ಯವನ್ನು ನೋಡಿರುತ್ತೀರಿ. ಹೆಸರು ಕೇಳಿದರೆ ಸರ್ವರ್‌ನದೇ ಎಂದು ಅನ್ನಿಸುತ್ತದೆ. ಅಪಾಚೆ ವೆಬ್ ಸರ್ವರ್‌ನಲ್ಲಿ ಯೂಸ್‌ಕೆನಾನಿಕಲ್‌ನೇಮ್ ಎಂಬುದನ್ನು ಆನ್ ಮಾಡಿ, ಸರ್ವರ್‌ನೇಮ್ ಅನ್ನು ಬರೆದಿಡದಿದ್ದರೆ ಆ ಮೌಲ್ಯವೂ ಹೊರಗಿನವನು ಹೇಳಿದ ಹೆಸರೇ.

ಹಾಗಾದರೆ ಏನು ಮಾಡಬೇಕು?

ಯಂತ್ರಕ್ಕೆ ಒಂದೇ ಪೂರ್ಣ ಹೆಸರು ಇರಬೇಕು ಎಂಬ ಊಹೆಯನ್ನು ಮೊದಲು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಒಂದೇ ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಇರಬಹುದು, ಹತ್ತು ಸೈಟ್‌ಗಳಿರಬಹುದು. ಅದರ ಮುಂದೆ ಇನ್ನೊಂದು ಯಂತ್ರ ನಿಂತು ಕೋರಿಕೆಗಳನ್ನು ಹಂಚುತ್ತಿರಬಹುದು. ಆಗ ಜನ ಬಳಸುವ ಹೆಸರು ಒಳಗಿನ ಯಂತ್ರಕ್ಕೆ ತಿಳಿದೇ ಇರುವುದಿಲ್ಲ. ಡಾಕರ್ ಕಂಟೇನರ್‌ನೊಳಗೆ ಹೆಸರು ಕೇಳಿ ನೋಡಿ, ನೀವೇ ಹೆಸರು ಕೊಟ್ಟಿರದಿದ್ದರೆ 12 ಅಕ್ಷರಗಳ ಗುರುತುಸಂಖ್ಯೆ ಬರುತ್ತದೆ, ಕಂಟೇನರ್ ಹೊಸದಾಗಿ ಮಾಡಿದಾಗಲೆಲ್ಲ ಅದೂ ಬೇರೆ. ಅಮೆಜಾನ್ ಕ್ಲೌಡ್‌ನ ಮುಂಬೈ ಕೇಂದ್ರದ ಯಂತ್ರಗಳಲ್ಲಿ "ಐಪಿ-172-31-5-9.ಎಪಿ-ಸೌತ್-1.ಕಂಪ್ಯೂಟ್.ಇಂಟರ್ನಲ್" ಎಂಬ ಬಗೆಯ ಹೆಸರು ಕಾಣುತ್ತದೆ. ಚುಕ್ಕೆಗಳು ಬೇಕಾದಷ್ಟಿವೆ, ನೋಡಲು ಪೂರ್ಣವಾಗಿದೆ, ಆದರೆ ಒಳಗಿನ ನೆಟ್‌ವರ್ಕ್ ದಾಟಿದರೆ ಆ ಹೆಸರನ್ನು ಯಾರೂ ಕೇಳಿಲ್ಲ.

ಆದ್ದರಿಂದ ಹೆಸರು ಯಾವ ಕೆಲಸಕ್ಕೆ ಬೇಕು ಎಂದು ನೋಡಿ ದಾರಿ ಆರಿಸಿಕೊಳ್ಳಬೇಕು. ಲಾಗ್ ಕಡತದಲ್ಲಿ ಈ ಸಾಲು ಯಾವ ಯಂತ್ರದ್ದು ಎಂದು ಗುರುತಿಸಲು ಗೆಟ್‌ಹೋಸ್ಟ್‌ನೇಮ್ ಧಾರಾಳ ಸಾಕು. ಅದು ನೆಟ್‌ವರ್ಕ್ ಮುಟ್ಟುವುದಿಲ್ಲ, ಕಾಯಿಸುವುದಿಲ್ಲ. ನಿರ್ವಾಹಕರಿಗೆ ಯಂತ್ರದ ಸ್ಥಿತಿ ತೋರಿಸುವ ಪುಟಕ್ಕೆ ಗೆಟ್‌ಎಫ್‌ಕ್ಯೂಡಿಎನ್ ಪರವಾಗಿಲ್ಲ. ಹೊರಗಿನವರ ಕೈಗೆ ಹೋಗುವ ಲಿಂಕ್‌ಗೆ, ಮಿಂಚಂಚೆಯ ಇಹೆಲೋ ಮಾತಿಗೆ ಮಾತ್ರ ಊಹೆ ಬೇಡವೇ ಬೇಡ. ಸೈಟ್ ನಡೆಸುವವರು ಆ ಹೆಸರನ್ನು ಸೆಟ್ಟಿಂಗ್‌ನಲ್ಲಿ ಬರೆದುಕೊಡಬೇಕು, ಪ್ರೋಗ್ರಾಂ ಅದನ್ನು ಓದಬೇಕು:

ಇಂಪೋರ್ಟ್ ಓಎಸ್
ಹೆಸರು = ಓಎಸ್.ಎನ್ವಿರಾನ್.ಗೆಟ್("ಸೈಟ್_ಹೆಸರು")
ಇಫ್ ನಾಟ್ ಹೆಸರು:
    ರೈಸ್ ಸಿಸ್ಟಮ್‌ಎಕ್ಸಿಟ್("ಸೈಟ್ ಹೆಸರು ಕೊಟ್ಟಿಲ್ಲ")

ಹೆಸರು ಕೊಡದಿದ್ದರೆ ಪ್ರೋಗ್ರಾಂ ಆರಂಭದಲ್ಲೇ ನಿಲ್ಲುತ್ತದೆ. ಕಟುವಾಗಿ ಕಾಣಬಹುದು. ಆದರೆ ತಪ್ಪು ಹೆಸರಿನಲ್ಲಿ ಸಾವಿರ ಮಿಂಚಂಚೆ ಹೋದ ಮೇಲೆ ತಿಳಿಯುವುದಕ್ಕಿಂತ, ಸರ್ವರ್ ಏಳಿಸಿದವರ ಕಣ್ಣೆದುರೇ ನಿಲ್ಲುವುದು ಎಷ್ಟೋ ವಾಸಿ. ಅಂದ ಹಾಗೆ, ಪೈಥಾನ್ 3ರಲ್ಲಿ ವೇರಿಯಬಲ್‌ಗೆ "ಹೆಸರು" ಎಂದು ಕನ್ನಡದಲ್ಲೇ ಹೆಸರಿಡಬಹುದು, ಅದು ನಿಜವಾಗಿಯೂ ಓಡುತ್ತದೆ. ಉಳಿದ ಆಜ್ಞೆಗಳಿಗೆ ಮಾತ್ರ ಇಂಗ್ಲಿಷ್ ಬೇಕು.

ಸಣ್ಣದೊಂದು ಎಚ್ಚರಿಕೆ ಲ್ಯಾಬ್ ನೋಡಿಕೊಳ್ಳುವ ಸಿಬ್ಬಂದಿಗೆ. ಒಳಗಿನ ಯಂತ್ರಗಳಿಗೆ ".ಲೋಕಲ್" ಎಂದು ಕೊನೆಯಾಗುವ ಹೆಸರು ಕೊಡುವ ಅಭ್ಯಾಸ ಹಲವು ಕಡೆ ಇದೆ. 2013ರಿಂದ ಆ ಪದ ಮಲ್ಟಿಕಾಸ್ಟ್ ಡಿಎನ್‌ಎಸ್ ಎಂಬ ಬೇರೆ ವ್ಯವಸ್ಥೆಗೆ ಮೀಸಲು. ಪ್ರಿಂಟರ್, ಫೋನ್‌ಗಳು ಪರಸ್ಪರ ಹುಡುಕಿಕೊಳ್ಳುವುದು ಅದರಿಂದಲೇ. ಎರಡೂ ಬೆರೆತರೆ ಹೆಸರು ಕೆಲವೊಮ್ಮೆ ಸಿಗುತ್ತದೆ, ಕೆಲವೊಮ್ಮೆ ಸಿಗುವುದಿಲ್ಲ. ಖಾಸಗಿ ಬಳಕೆಗೆಂದೇ ".ಇಂಟರ್ನಲ್" ಎಂಬುದನ್ನು 2024ರಲ್ಲಿ ಐಕಾನ್ ಮೀಸಲಿಟ್ಟಿದೆ. ಅದನ್ನು ಬಳಸಬಹುದು, ಕಾಲೇಜಿನ ಸ್ವಂತ ಡೊಮೇನ್‌ನ ಒಂದು ಉಪಹೆಸರು ಇನ್ನೂ ಒಳ್ಳೆಯದು.

ಲ್ಯಾಬ್ ಕೆಲಸ

ಮುಂದಿನ ಪ್ರಾಯೋಗಿಕ ತರಗತಿಗೆ ಇದನ್ನು ಮಾಡಿಕೊಂಡು ಬನ್ನಿ. ಒಂದು ಲಿನಕ್ಸ್ ಯಂತ್ರದಲ್ಲಿ ಗೆಟ್‌ಹೋಸ್ಟ್‌ನೇಮ್, ಗೆಟ್‌ಎಫ್‌ಕ್ಯೂಡಿಎನ್, "ಹೋಸ್ಟ್‌ನೇಮ್ -ಎಫ್" ಮೂರನ್ನೂ ಓಡಿಸಿ ಉತ್ತರಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಳ್ಳಿ. "ಹೋಸ್ಟ್‌ನೇಮ್ -ಎಫ್" ಎರರ್ ಕೊಟ್ಟರೆ ಅದೂ ಒಂದು ಉತ್ತರವೇ, ಹಾಗೆಯೇ ಬರೆಯಿರಿ. ನಂತರ ಹೋಸ್ಟ್ಸ್ ಕಡತವನ್ನು ಬದಲಿಸದೆ ಓದಿ, ಯಾವ ಸಾಲಿನಿಂದ ಯಾವ ಉತ್ತರ ಬಂತು ಎಂದು ಗುರುತು ಮಾಡಿ. ಕೊನೆಗೆ ಲ್ಯಾಬ್ ಸಹಾಯಕರ ಅನುಮತಿ ಪಡೆದು ನೆಟ್‌ವರ್ಕ್ ಕೇಬಲ್ ತೆಗೆದು ಮೂರನ್ನೂ ಮತ್ತೆ ಓಡಿಸಿ, ಪ್ರತಿಯೊಂದಕ್ಕೂ ಎಷ್ಟು ಸೆಕೆಂಡ್ ಹಿಡಿಯಿತು ಎಂದು ನೋಡಿ. ಕೇಬಲ್ ವಾಪಸ್ ಹಾಕುವುದನ್ನು ಮರೆಯಬೇಡಿ. ಮುಂದಿನ ಬ್ಯಾಚ್‌ನವರಿಗೆ ಅದೇ ಯಂತ್ರ ಬೇಕು.